ಲಾರ್ಡ್ ಅಂದರೆ ರೊಟ್ಟಿ ಕಾಯುವವನು: ಆಂಗ್ಲೋ-ಸ್ಯಾಕ್ಸನ್ನರ ಮನೆ, ಊಟ, ದುಡಿಮೆ

ಬೀಸುಕಲ್ಲು
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮೂರು ವರ್ಷದಿಂದ ಇಂಗ್ಲೆಂಡಿನ ಪೂರ್ವಭಾಗದಲ್ಲಿದ್ದೇನೆ. ಹೋದ ಶನಿವಾರ ಮಕ್ಕಳನ್ನು ಕಟ್ಟಿಕೊಂಡು ಸಫೋಕ್‌ನ ವೆಸ್ಟ್ ಸ್ಟೋಗೆ ಹೋಗಿದ್ದೆ. ರೋಮನ್ನರ ಆಳ್ವಿಕೆ ಮುಗಿದ ಮೇಲೆ ಈಗಿನ ಡೆನ್ಮಾರ್ಕ್, ಉತ್ತರ ಜರ್ಮನಿ ಕಡೆಯಿಂದ ಕಡಲು ದಾಟಿ ಬಂದ ಆಂಗ್ಲೋ-ಸ್ಯಾಕ್ಸನ್ ಜನರ ಹಳ್ಳಿಯೊಂದು ಅಲ್ಲಿ ಮಣ್ಣಡಿ ಇತ್ತು. 1965ರಿಂದ 1972ರವರೆಗೆ ಅಗೆದು ತೆಗೆದರು. ಐದನೇ ಶತಮಾನದಿಂದ ಏಳನೇ ಶತಮಾನದವರೆಗೆ ಜನ ಅಲ್ಲಿ ಬಾಳಿದ್ದಾರೆ. ಅದೇ ಜಾಗದಲ್ಲಿ ಮರ, ಹುಲ್ಲು ಬಳಸಿ ಕೆಲವು ಮನೆಗಳನ್ನು ಮತ್ತೆ ಎಬ್ಬಿಸಿದ್ದಾರೆ.

ಒಲೆ ನಟ್ಟನಡುವೆ. ಹೊಗೆಗೂಡಿಲ್ಲ. ಹೊಗೆ ಹುಲ್ಲಿನ ಸಂದಿಯಿಂದ ತನಗೆ ಬೇಕಾದಾಗ ಹೊರಗೆ ಹೋಗಬೇಕು. ಹತ್ತು ನಿಮಿಷ ನಿಂತದ್ದಕ್ಕೆ ಮಗಳ ಸ್ವೆಟರ್ ಎರಡು ದಿನ ನಾರಿತು, ನನಗೆ ಮಾತ್ರ ಅಜ್ಜಿಯ ಅಡುಗೆಮನೆ ನೆನಪಾಯಿತು. ಹೆಚ್ಚಿನ ಗುಡಿಸಲುಗಳ ಕೆಳಗೆ ಒಂದು ಗುಂಡಿ. ಹಿಂದಿನ ತಲೆಮಾರಿನ ಪುರಾತತ್ವದವರು ಈ ಜನ ಗುಂಡಿಯೊಳಗೇ ಕಸಕಡ್ಡಿಯ ನಡುವೆ ಬಿದ್ದಿರುತ್ತಿದ್ದರು ಅಂದುಕೊಂಡಿದ್ದರಂತೆ. ಗುಂಡಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಓಡಾಡುತ್ತಿದ್ದರು ಅನ್ನುವುದು ಇಲ್ಲಿ ಅಗೆದವರ ವಾದ. ಸುಟ್ಟುಹೋದ ಗುಡಿಸಲುಗಳ ಕರಕಲು ನೋಡಿ ಆ ತೀರ್ಮಾನಕ್ಕೆ ಬಂದರು.

ನನ್ನ ತಲೆಯಲ್ಲಿ ಉಳಿದದ್ದು ಮನೆಗಿಂತ ಒಂದು ಪದ. ಇಂಗ್ಲಿಷಿನ ‘ಲಾರ್ಡ್’ ಮೂಲದಲ್ಲಿ ‘ಹ್ಲಾಫ್‌ವೇರ್ಡ್’. ಹ್ಲಾಫ್ ಅಂದರೆ ರೊಟ್ಟಿ, ಇವತ್ತಿನ ‘ಲೋಫ್’. ವೇರ್ಡ್ ಅಂದರೆ ಕಾವಲುಗಾರ. ‘ಲೇಡಿ’ ಅಂದರೆ ಹಿಟ್ಟು ನಾದುವವಳು. ಮನೆಯ ಆಳಿಗೆ ‘ಹ್ಲಾಫ್‌ಏಟಾ’, ರೊಟ್ಟಿ ತಿನ್ನುವವನು. ಕಾಯುವವನು, ನಾದುವವಳು, ತಿನ್ನುವವನು: ಒಂದು ಸಮಾಜ ಪೂರ್ತಿ ಒಂದು ರೊಟ್ಟಿಯ ಸುತ್ತ! ಈ ಜನರ ದಿನದ ಬದುಕಿನ ಬಗ್ಗೆ ಗೊತ್ತಿದ್ದವರು ಬರೆಯಿರಿ. ಯುದ್ಧ, ರಾಜರ ವಂಶಾವಳಿ ಬೇಡ, ಅದು ಎಲ್ಲ ಕಡೆ ಸಿಗುತ್ತೆ.

ಹಳಗನ್ನಡ ಮೇಷ್ಟ್ರು
ಬೀಸುಕಲ್ಲು ಅವರೇ, ‘ಲಾರ್ಡ್’ಗೆ ನಾವು ಪ್ರಭು, ಒಡೆಯ ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಆ ಪದದ ಹೊಟ್ಟೆಯಲ್ಲಿರುವ ರೊಟ್ಟಿ ಕನ್ನಡಕ್ಕೆ ಬರಬೇಕಾದರೆ ‘ಜೋಳದ ಪಾಳಿ’ಯನ್ನು ನೆನೆಯಬೇಕು. ಒಡೆಯನ ಜೋಳ ತಿಂದವನು ಅವನಿಗಾಗಿ ಪ್ರಾಣ ಕೊಡುವ ಋಣ. ನಮ್ಮ ಹಳೆಯ ಕಾವ್ಯಗಳಲ್ಲೂ ಶಾಸನಗಳಲ್ಲೂ ಈ ಮಾತು ಬರುತ್ತದೆ. ಕಾಲವೂ ಹತ್ತಿರದ್ದೇ. ಪಂಪ ಬರೆದದ್ದು 941ರಲ್ಲಿ. ಅತ್ತ 991ರಲ್ಲಿ ಎಸೆಕ್ಸ್‌ನ ಮಾಲ್ಡನ್ ಹತ್ತಿರ ವೈಕಿಂಗರ ಕೈಯಲ್ಲಿ ಒಡೆಯ ಬಿರ್ಟ್‌ನೋತ್ ಸತ್ತ ಮೇಲೆ, ಅವನ ಮನೆಯ ಊಟ ಉಂಡವರು ಓಡಿಹೋಗದೆ ಅಲ್ಲೇ ಮಡಿದರು ಅಂತ ಅವರ ಹಾಡು ಹೇಳುತ್ತದೆ. ಒಬ್ಬರ ಹೆಸರು ಒಬ್ಬರು ಕೇಳಿರಲಿಕ್ಕಿಲ್ಲ. ಅನ್ನದ ಋಣ ಮಾತ್ರ ಎರಡೂ ಕಡೆ ಒಂದೇ.

ರಾಗಿಮುದ್ದೆ
ಋಣ ಎಲ್ಲ ಸರಿ ಸಾರ್, ತಿಂತಿದ್ದದ್ದು ಏನು? ಸಿನಿಮಾದಲ್ಲಿ ಯಾವಾಗಲೂ ಒಬ್ಬ ಗಡ್ಡದವನು ಇಡೀ ಹಂದಿ ತೊಡೆ ಹಿಡಿದು ಕಚ್ಚುತ್ತಿರುತ್ತಾನೆ.

ಬೀಸುಕಲ್ಲು
@ರಾಗಿಮುದ್ದೆ ಆ ಗಡ್ಡದವನನ್ನು ಮರೆತುಬಿಡಿ. ಬಾರ್ಲಿ, ಗೋಧಿ, ರೈ, ಓಟ್ಸ್ ಬೆಳೆಯುತ್ತಿದ್ದರು. ಬೀಸುಕಲ್ಲಿನಲ್ಲಿ ಬೀಸಿ ರೊಟ್ಟಿ. ಇಲ್ಲವಾದರೆ ಬಟಾಣಿ, ಅವರೆ ಜಾತಿಯ ಕಾಳು, ಲೀಕ್, ಎಲೆಕೋಸು ಹಾಕಿ ಕುದಿಸಿದ ಗಂಜಿ. ಅದಕ್ಕೆ ‘ಬ್ರೀವ್’ ಅನ್ನುತ್ತಿದ್ದರು. ಬೆಣ್ಣೆ, ಚೀಸ್, ಜೇನು, ಹೊಳೆಮೀನು. ಕುಡಿಯಲು ಬಾರ್ಲಿ ಮೊಳಕೆಯ ಏಲ್ ಅನ್ನುವ ಬಿಯರ್, ದೊಡ್ಡ ಮನೆಯಾದರೆ ಜೇನಿನ ಮೀಡ್. ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಯಾವುದೂ ಇಲ್ಲ, ಅವೆಲ್ಲ ಅಮೆರಿಕದಿಂದ ಬರಲು ಇನ್ನೂ ಎಷ್ಟೋ ಶತಮಾನ.

ಇಂಗ್ಲೆಂಡಿನ ದಕ್ಷಿಣದಲ್ಲಿದ್ದ ವೆಸೆಕ್ಸ್ ರಾಜ್ಯದ ರಾಜ ಇನೆ ಏಳನೇ ಶತಮಾನದ ಕೊನೆಗೆ ಮಾಡಿದ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಹತ್ತು ‘ಹೈಡ್’ ಜಮೀನಿನಿಂದ ಒಡೆಯನಿಗೆ ಸಲ್ಲಬೇಕಾದದ್ದು: 10 ಗಡಿಗೆ ಜೇನು, 300 ರೊಟ್ಟಿ, ಎರಡು ಬಗೆಯ ಏಲ್ ಸೇರಿ 42 ಅಳತೆ, 2 ದೊಡ್ಡ ದನ ಅಥವಾ 10 ಟಗರು, 10 ಬಾತು ಜಾತಿಯ ಹಕ್ಕಿ, 20 ಕೋಳಿ, 10 ಚೀಸ್, ಒಂದು ಅಳತೆ ತುಂಬ ಬೆಣ್ಣೆ, 5 ಸಾಲ್ಮನ್, ಮೇವು, ಜತೆಗೆ 100 ಹಾವುಮೀನು. ಹೈಡ್ ಅಂದರೆ ಒಂದು ಕುಟುಂಬ ಬದುಕಲು ಬೇಕಾದಷ್ಟು ನೆಲ. ಹತ್ತು ಕುಟುಂಬದಿಂದ ಇಷ್ಟು!

ಈ ಪಟ್ಟಿ ನೋಡಿದವರೆಲ್ಲ ದೊರೆಗಳು ದಿನಾ ಮಾಂಸ ಬಾರಿಸುತ್ತಿದ್ದರು ಅಂದುಕೊಂಡಿದ್ದರು. 2022ರಲ್ಲಿ ಕೇಂಬ್ರಿಜ್‌ನವರು ಆ ಕಾಲದ ಎರಡು ಸಾವಿರಕ್ಕೂ ಹೆಚ್ಚು ಅಸ್ಥಿಪಂಜರಗಳ ಮೂಳೆಯ ರಾಸಾಯನಿಕ ಲೆಕ್ಕ ನೋಡಿದರು. ಸಿರಿವಂತರ ಸಮಾಧಿಗೂ ಬಡವರ ಸಮಾಧಿಗೂ ಮಾಂಸದ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಆ ಪಟ್ಟಿ ದಿನದ ಊಟದ್ದಲ್ಲ, ಅಪರೂಪಕ್ಕೆ ದೊರೆ ಊರಿಗೆ ಬಂದಾಗ ಊರವರೂ ಕೂತು ಉಣ್ಣುತ್ತಿದ್ದ ಹಬ್ಬದ ಊಟದ್ದು ಅನ್ನುತ್ತಾರೆ ಅವರು. ನನಗೆ ಇದೇ ಸರಿ ಕಾಣುತ್ತದೆ. 300 ರೊಟ್ಟಿಯನ್ನು ಒಬ್ಬ ದೊರೆ ಏನು ಮಾಡಿಯಾನು?

ನೇಕಾರ_ಇಳಕಲ್
ಸರ, ನೀವು ಮೊದಲ ಪೋಸ್ಟಿನ್ಯಾಗ ಗುಂಡಿ ಅಂದ್ರಲ್ಲ, ಅಲ್ಲೇ ನನ್ನ ಕಣ್ಣು ನಿಂತ್ವು. ನಮ್ಮನ್ಯಾಗ ಅಪ್ಪ ಇರೂತನಕ ಕುಣಿಮಗ್ಗ ಇತ್ತು. ತಗ್ಗಿನ್ಯಾಗ ಕಾಲು ಬಿಟ್ಟು ಕುಂತು ನೇಯೂದು ಬರೇ ಕಾಲಿಗೆ ಜಾಗಾ ಬೇಕಂತ ಅಲ್ರಿ. ನೆಲದ ತಂಪಿಗೆ ಎಳಿ ಹರಿಯೂದು ಕಡಿಮಿ. ಬ್ಯಾಸಗಿ ಒಣಗಾಳಿ ಬಿಟ್ರ ಹಾಸಿನ ಎಳಿ ಪಟಪಟ ಹರೀತಾವು, ಅಪ್ಪ ನೀರು ಚಿಮುಕಿಸ್ತಿದ್ದ. ಆ ಗುಂಡಿ ಮನಿಯೊಳಗ ಮಗ್ಗದ ಸಾಮಾನು ಏನರ ಸಿಕ್ಕಾವೇನು?

ಬೀಸುಕಲ್ಲು
ಅಣ್ಣಾ, ನೀವು ಅಗೆಯದೇ ಹೇಳಿಬಿಟ್ಟಿರಿ! ಇಂಥ ಗುಂಡಿಗಳಲ್ಲಿ ಪದೇ ಪದೇ ಸಿಕ್ಕಿರುವುದೇ ಮಗ್ಗದ ಗುಂಡುಗಳು. ಅವರ ಮಗ್ಗ ನಿಮ್ಮದರ ಹಾಗೆ ಮಲಗಿದ್ದಲ್ಲ, ಗೋಡೆಗೆ ಒರಗಿಸಿ ನಿಲ್ಲಿಸಿದ್ದು. ಮೇಲಿನ ದಿಂಡಿನಿಂದ ಹಾಸಿನ ಎಳೆ ಇಳಿಬಿಟ್ಟು, ಬಿಗಿಯಾಗಿರಲೆಂದು ಕೆಳಗೆ ಕಡುಬಿನ ಗಾತ್ರದ, ನಡುವೆ ತೂತಿರುವ ಮಣ್ಣಿನ ಬಳೆ ಕಟ್ಟುತ್ತಿದ್ದರು. ಹೆಂಗಸು ನಿಂತುಕೊಂಡು ಹೊಕ್ಕನ್ನು ಮೇಲ್ಮುಖವಾಗಿ ಬಡಿಯಬೇಕು. ಮನೆಗೆ ಬೆಂಕಿ ಬಿದ್ದು ಮರ, ನೂಲು ಎಲ್ಲ ಸುಟ್ಟರೂ ಆ ಬಳೆಗಳು ಸಾಲಾಗಿ ಬಿದ್ದ ಹಾಗೇ ಉಳಿದುಬಿಡುತ್ತವೆ. ಗುಂಡಿಯ ತೇವ ಅಗಸೆ ನಾರಿನ ಎಳೆಗೆ ಒಳ್ಳೆಯದು, ಅದಕ್ಕೇ ನೇಯ್ಗೆಯ ಗುಡಿಸಲಿಗೆ ಗುಂಡಿ ತೋಡಿದರೇನೋ ಅನ್ನುವ ಊಹೆ ಇಲ್ಲಿನ ಪಂಡಿತರಲ್ಲೂ ಇದೆ.

ನೇಕಾರ_ಇಳಕಲ್
ಅಗಸಿ ನಾರು! ನಾವು ಅಗಸಿ ಹಿಂಡಿ ಹಚ್ಕೊಂಡು ರೊಟ್ಟಿ ತಿಂತೀವಿ, ಅವ್ರು ಉಟ್ಕೊಂಡಾರ.

ತುಂಗಾತೀರ
ನೇಯ್ಗೆ ಪೂರ್ತಿ ಹೆಂಗಸರ ಕೆಲಸವೇ ಆಗಿತ್ತು ಅನ್ನುವುದಕ್ಕೆ ದೊಡ್ಡ ಸಾಕ್ಷಿ ವೆಸೆಕ್ಸ್‌ನ ರಾಜ ಆಲ್ಫ್ರೆಡ್‌ನ ಉಯಿಲು. ಅವನು 899ರಲ್ಲಿ ತೀರಿಕೊಂಡ. ಆಸ್ತಿ ಹಂಚುವಾಗ ಗಂಡು ಸಂತಾನವನ್ನು ‘ಈಟಿಯ ಕಡೆ’, ಹೆಣ್ಣು ಸಂತಾನವನ್ನು ‘ಕದಿರಿನ ಕಡೆ’ ಅನ್ನುತ್ತಾನೆ. ಕಾಗದಪತ್ರದ ಮಾತಿನಲ್ಲೇ ಕದಿರು ಬಂದು ಕೂತಿದೆ. ಹೆಂಗಸರ ಸಮಾಧಿಗಳಲ್ಲೂ ಕದಿರಿನ ಬಿಲ್ಲೆ ಸಿಗುತ್ತದೆ.

ಹಾಗಂತ ಅವರು ಮೂಲೆಗುಂಪಾಗಿದ್ದರು ಅಂದುಕೊಳ್ಳಬೇಡಿ. ಮದುವೆಯ ಮರುದಿನ ಗಂಡ ಹೆಂಡತಿಗೆ ಕೊಡುವ ‘ಬೆಳಗಿನ ಉಡುಗೊರೆ’ ಅವಳದೇ ಸ್ವತ್ತು, ಎಷ್ಟೋ ಸಲ ಅದು ಜಮೀನೇ. ಹೆಂಗಸರು ತಮ್ಮ ಹೆಸರಲ್ಲಿ ಉಯಿಲು ಬರೆದಿದ್ದಾರೆ. ಹತ್ತನೇ ಶತಮಾನದ ವಿನ್‌ಫ್ಲೆಡ್ ಎಂಬಾಕೆಯ ಉಯಿಲು ಓದಿದರೆ ಯಾರೋ ಅಜ್ಜಿ ಪೆಟ್ಟಿಗೆ ಬಿಚ್ಚಿ ಕೂತಂತಿದೆ: ಜಮೀನು, ಬಟ್ಟೆಬರೆ, ಬಟ್ಟಲು, ಒಡವೆ, ಇದು ಮಗಳಿಗೆ, ಅದು ಮೊಮ್ಮಗಳಿಗೆ.

ಬಾರುಕೋಲು
ತುಂಗಾತೀರ ಅವರೇ, ಅದೇ ಉಯಿಲಿನ ಇನ್ನೊಂದು ಸಾಲನ್ನೂ ಹೇಳಿಬಿಡಿ. ಬಟ್ಟಲು, ಬಟ್ಟೆಯ ಜತೆಗೇ ಒಬ್ಬ ನೇಯುವವಳನ್ನು, ಒಬ್ಬ ಹೊಲಿಯುವವಳನ್ನು ಆಕೆ ‘ಕೊಡುತ್ತಾಳೆ’. ಅವರು ಜೀತದವರು. ಕೆಲವರನ್ನು ಬಿಡುಗಡೆ ಮಾಡಿದ್ದೂ ಇದೆ, ಒಪ್ಪುತ್ತೇನೆ. ಆದರೆ ಇಷ್ಟು ಹೊತ್ತು ಎಲ್ಲರೂ ರೊಟ್ಟಿ, ಋಣ, ಹಬ್ಬದೂಟ ಅಂತ ಬರೆಯುತ್ತಿದ್ದೀರಿ. ಆ ರೊಟ್ಟಿಗೆ ಉತ್ತವನು ಯಾರು?

ಸುಮಾರು ಸಾವಿರನೇ ಇಸವಿಯ ಹೊತ್ತಿಗೆ ಡಾರ್ಸೆಟ್‌ನ ಮಠದಲ್ಲಿ ಏಲ್ಫ್ರಿಕ್ ಅನ್ನುವ ಸನ್ಯಾಸಿ ಹುಡುಗರಿಗೆ ಲ್ಯಾಟಿನ್ ಕಲಿಸಲು ಒಂದು ಸಂಭಾಷಣೆ ಬರೆದ. ಒಬ್ಬ ಹುಡುಗ ಮೀನುಗಾರ, ಒಬ್ಬ ಕುರುಬ, ಒಬ್ಬ ವ್ಯಾಪಾರಿ, ಹೀಗೆ ಪಾತ್ರ ಕಟ್ಟಿ ಮಾತಾಡಬೇಕು. ಅದರಲ್ಲಿ ಉಳುವವನು ಹೇಳುವುದು ಹೀಗಿದೆ: ಬೆಳಕು ಹರಿಯುವಾಗಲೇ ಎತ್ತು ಹೊಡೆದುಕೊಂಡು ಹೋಗಬೇಕು, ಎಂಥ ಚಳಿ ಇದ್ದರೂ ಒಡೆಯನ ಹೆದರಿಕೆಯಿಂದ ಮನೆಯಲ್ಲಿ ಇರುವ ಹಾಗಿಲ್ಲ. ಗುಳ ಸಿಕ್ಕಿಸಿ ದಿನಕ್ಕೆ ಒಂದು ಎಕರೆಯೋ ಹೆಚ್ಚೋ ಉಳಲೇಬೇಕು. ಜತೆಗೆ ಒಬ್ಬ ಹುಡುಗ ಇದ್ದಾನೆ, ಬಾರುಕೋಲು ಹಿಡಿದು ಎತ್ತು ಹೊಡೆಯುವವನು. ಚಳಿಗೂ ಕೂಗಾಟಕ್ಕೂ ಅವನ ಗಂಟಲು ಕಟ್ಟಿದೆ. ಮನೆಗೆ ಬಂದ ಮೇಲೆ ಎತ್ತಿಗೆ ಹುಲ್ಲು ಹಾಕಬೇಕು, ನೀರು ಕುಡಿಸಬೇಕು, ಸಗಣಿ ಬಾಚಬೇಕು. ದೊಡ್ಡ ದುಡಿಮೆ ಹೌದು, ಯಾಕೆಂದರೆ ನಾನು ಸ್ವತಂತ್ರನಲ್ಲ, ಅನ್ನುತ್ತಾನೆ.

ನಾನು ಚಿಕ್ಕಂದಿನಲ್ಲಿ ಎತ್ತಿನ ಮುಂದೆ ನಡೆದವನು. ಆ ಹುಡುಗನ ಗಂಟಲು ನನಗೆ ಗೊತ್ತು.

ರಾಗಿಮುದ್ದೆ
ಒಂದು ನಿಮಿಷ, ಎಕರೆ ಅಂದರೆ ನಮ್ಮ ಎಕರೆನೇನಾ?

ಬಾರುಕೋಲು
ಅದೇ. ಅವರ ‘ಏಕರ್’ ಅಂದರೆ ಮೊದಲಿಗೆ ಹೊಲ, ಆಮೇಲೆ ಎತ್ತಿನ ಗುಂಪು ಒಂದು ದಿನದಲ್ಲಿ ಉಳುವಷ್ಟು ನೆಲ. ಬ್ರಿಟಿಷರ ಸರ್ವೆಯ ಜತೆ ಬಂದು ನಮ್ಮ ಪಹಣಿಯಲ್ಲಿ ಕೂತಿದೆ.

ಬೀಸುಕಲ್ಲು
ಬಾರುಕೋಲು ಅವರ ಮಾತು ನಾಟಿತು. ನಾನೇ ಶುರು ಮಾಡಿದ ರೊಟ್ಟಿಯ ಲೆಕ್ಕ ಪೂರ್ತಿಯಾಗಿರಲಿಲ್ಲ. ಡರಮ್ ಮಠದ ಪುಸ್ತಕವೊಂದರಲ್ಲಿ ಗೇಟ್‌ಫ್ಲೆಡ್ ಎಂಬ ಹೆಂಗಸು ಜೀತದವರನ್ನು ಬಿಟ್ಟ ದಾಖಲೆ ಇದೆ. ಕೆಲವರ ಹೆಸರು ಹೇಳಿದ ಮೇಲೆ ಆಕೆ, ಆ ಕೆಟ್ಟ ದಿನಗಳಲ್ಲಿ ಊಟಕ್ಕೆ ಬದಲಾಗಿ ಯಾರ ಯಾರ ತಲೆಗಳನ್ನು ತೆಗೆದುಕೊಂಡಿದ್ದೇನೋ ಅವರೆಲ್ಲರನ್ನೂ ಬಿಟ್ಟಿದ್ದೇನೆ ಅನ್ನುತ್ತಾಳೆ. ಬರ ಬಂದಾಗ ಜನ ಒಡತಿಯ ಕೈಯಲ್ಲಿ ತಮ್ಮ ತಲೆ ಇಟ್ಟು ಊಟ ಪಡೆದಿದ್ದಾರೆ. ಹ್ಲಾಫ್‌ಏಟಾ ಪದವನ್ನು ಮೊನ್ನೆ ಎಷ್ಟು ಹಗುರಾಗಿ ಬರೆದಿದ್ದೆ ಅಂತ ಈಗ ಅನ್ನಿಸುತ್ತಿದೆ.

1086ರಲ್ಲಿ, ಅಂದರೆ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಇಪ್ಪತ್ತು ವರ್ಷಕ್ಕೆ, ಮಾಡಿಸಿದ ಡೂಮ್ಸ್‌ಡೇ ಲೆಕ್ಕದಲ್ಲಿ ನಮೂದಾದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಜೀತದವರೇ. ‘ವೆಲ್ಷ್’ ಅನ್ನುವ ಹೆಸರಿನ ಮೂಲವಾದ ‘ವೇಲ್’ ಪದಕ್ಕೆ ಹೊರಗಿನವನು ಅಂತಲೂ ಅರ್ಥ, ಜೀತದವನು ಅಂತಲೂ ಅರ್ಥ.

ವಕೀಲರ ಮನೆ
ಕಾನೂನಿನ ಮಾತು ಬಂದದ್ದಕ್ಕೆ ನಾನೂ ಇಣುಕುತ್ತೇನೆ. ಕೆಂಟ್ ರಾಜ ಏತಲ್‌ಬರ್ಟ್ ಸುಮಾರು 600ರಲ್ಲಿ ಬರೆಸಿದ ಕಾನೂನು ಇಂಗ್ಲಿಷಿನಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯದು. ಪೊಲೀಸ್ ಇಲ್ಲ, ಜೈಲು ಇಲ್ಲ. ಕೊಂದರೆ ಸತ್ತವನ ಮನೆಯವರಿಗೆ ಇಷ್ಟು ಅಂತ ತೆರಬೇಕು, ಇಲ್ಲವಾದರೆ ಎರಡು ಮನೆತನಗಳ ನಡುವೆ ಹಗೆ ನಿಲ್ಲುವುದೇ ಇಲ್ಲ. ಆ ಮೊತ್ತಕ್ಕೆ ‘ವೆರ್‌ಗಿಲ್ಡ್’ ಎಂದು ಹೆಸರು. ಮುಂದೆ ವೆಸೆಕ್ಸ್‌ನಲ್ಲಿ ಸಾಮಾನ್ಯ ರೈತನಿಗೆ 200 ಷಿಲಿಂಗ್, ಕುಲೀನನಿಗೆ 1200. ಒಬ್ಬನ ಜೀವ ಆರು ಜನರ ಜೀವಕ್ಕೆ ಸಮ. ಬೀಸುಕಲ್ಲು ಹೇಳಿದ ‘ರೊಟ್ಟಿ ತಿನ್ನುವವನು’ ಕೆಂಟ್ ಕಾನೂನಿನಲ್ಲೂ ಇದ್ದಾನೆ. ರೈತನೊಬ್ಬನ ಹ್ಲಾಫ್‌ಏಟಾನನ್ನು ಕೊಂದರೆ ಬರೀ 6 ಷಿಲಿಂಗ್.

ಅಂಗಾಂಗಕ್ಕೂ ದರಪಟ್ಟಿ ಇದೆ. ಹೆಬ್ಬೆರಳು ಹೋದರೆ 20 ಷಿಲಿಂಗ್, ಹೆಬ್ಬೆರಳ ಉಗುರಿಗೆ 3, ಕಿವಿ ಕತ್ತರಿಸಿದರೆ 12, ಮುಂದಿನ ಹಲ್ಲು ಒಂದಕ್ಕೆ 6. ನಡುಬೆರಳಿಗೆ 4, ಉಂಗುರದ ಬೆರಳಿಗೆ 6, ಆದರೆ ಕಿರುಬೆರಳಿಗೆ 11! ಅದು ಯಾಕೆ ಅಷ್ಟು ದುಬಾರಿ ಅಂತ ತಲೆ ಕೆರೆದುಕೊಂಡಿದ್ದೇನೆ. ಅಂದಹಾಗೆ 6 ಷಿಲಿಂಗಿನಲ್ಲಿ ಒಂದು ಹಲ್ಲು, ಅಥವಾ ಒಬ್ಬ ಆಳು.

ಮೂಳೆ ಡಾಕ್ಟರು
ಕಿರುಬೆರಳು ಕಳೆದುಕೊಂಡವರನ್ನು ದಿನಾ ನೋಡುವವನಾಗಿ ಹೇಳುತ್ತೇನೆ, ಹಿಡಿತದ ಬಲದಲ್ಲಿ ಅದರ ಪಾಲು ದೊಡ್ಡದು. ಸುತ್ತಿಗೆ, ಕೊಡಲಿ, ಕತ್ತಿ ಹಿಡಿದು ನೋಡಿ, ಹಿಡಿಯ ತುದಿಯನ್ನು ಬಿಗಿಯುವುದು ಕಿರುಬೆರಳೇ. ಕೆಂಟ್‌ನ ರಾಜನ ಸಲಹೆಗಾರರಿಗೆ ಇದು ಗೊತ್ತಿತ್ತೋ, ಬೇರೆ ಕಾರಣವಿತ್ತೋ, ನನಗಂತೂ ದರ ಸರಿ ಅನ್ನಿಸಿತು.

ಇನ್ನು ವೈದ್ಯದ ಮಾತು. ಹತ್ತನೇ ಶತಮಾನದ ಪ್ರತಿಯಾಗಿ ಉಳಿದಿರುವ ಬಾಲ್ಡ್‌ನ ವೈದ್ಯಪುಸ್ತಕದಲ್ಲಿ ಕಣ್ಣಿನ ಕುರುವಿಗೆ ಒಂದು ಔಷಧ ಇದೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಗೆಡ್ಡೆ ಎರಡನ್ನೂ ಸಮ ಅಳತೆಯಲ್ಲಿ ಕುಟ್ಟಿ, ವೈನ್ ಮತ್ತು ಎತ್ತಿನ ಪಿತ್ತರಸ ಸೇರಿಸಿ, ಹಿತ್ತಾಳೆ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇಟ್ಟು, ಬಟ್ಟೆಯಲ್ಲಿ ಸೋಸಿ, ಗರಿಯಿಂದ ಹಚ್ಚಬೇಕು. 2015ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಅದನ್ನು ಹಾಗೆಯೇ ತಯಾರಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ, ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಸತ್ತಿತು. ಒಂದೊಂದೇ ವಸ್ತು ಬಿಡಿಯಾಗಿ ಅಷ್ಟು ಕೆಲಸ ಮಾಡಲಿಲ್ಲ. ದಯವಿಟ್ಟು ಯಾರೂ ಮನೆಯಲ್ಲಿ ಮಾಡಿ ಕಣ್ಣಿಗೆ ಹಾಕಿಕೊಳ್ಳಬೇಡಿ. ಆ ಕಾಲದ ವೈದ್ಯದಲ್ಲಿ ಮೈಗೆ ಯಕ್ಷರು ಬಾಣ ಬಿಟ್ಟರು ಅಂತ ಮಂತ್ರ ಹಾಕುವುದೂ ಇದೆ, ಎಲ್ಲವೂ ಪವಾಡವಲ್ಲ.

ಜೇನುಗೂಡು
ಮಂತ್ರ ಅಂದಿರಲ್ಲ, ಜೇನು ಹಾರಿಹೋಗುವಾಗ ಹೇಳುವ ಮಂತ್ರ ನನಗೆ ಬಹಳ ಇಷ್ಟ. ಮಣ್ಣು ತೆಗೆದು ಹಿಂಡಿನ ಮೇಲೆ ಎರಚುತ್ತಾ, ಕೂರಿರಮ್ಮಾ ಜಯದ ಹೆಣ್ಣುಗಳಿರಾ, ಇಳಿಯಿರಿ ನೆಲಕ್ಕೆ, ಕಾಡಿಗೆ ಹಾರಬೇಡಿ ಅಂತ ಬೇಡುತ್ತಾರೆ. ಸಕ್ಕರೆ ಇಲ್ಲದ ನಾಡು. ಸಿಹಿ, ಮೀಡ್, ಮೇಣದ ಬತ್ತಿ ಮೂರೂ ಆ ಹಿಂಡಿನ ಜತೆ ಹಾರಿಹೋಗುತ್ತಿದ್ದವು. ನಾನೂ ಹಿಂಡಿನ ಹಿಂದೆ ತೋಟವೆಲ್ಲ ಓಡಿದ್ದೇನೆ, ಮಂತ್ರ ಗೊತ್ತಿರಲಿಲ್ಲ.

ತುಂಗಾತೀರ
ಮೇಣದ ಬತ್ತಿ ಅಂದಕೂಡಲೇ ನೆನಪಾಯಿತು. ಆಲ್ಫ್ರೆಡ್‌ನ ಜೀವನ ಬರೆದ ಆಸರ್ ಹೇಳುವಂತೆ, ರಾಜ ಹೊತ್ತು ಅಳೆಯಲು ದಿನಕ್ಕೆ ಆರು ಬತ್ತಿ ಮಾಡಿಸಿದ, ಒಂದೊಂದು ನಾಲ್ಕು ಗಂಟೆ ಉರಿಯಬೇಕು. ಆದರೆ ಬಾಗಿಲು, ಕಿಟಕಿ, ಗೋಡೆಯ ಬಿರುಕಿನಿಂದ ನುಗ್ಗುವ ಗಾಳಿಗೆ ಬತ್ತಿ ಬೇಗ ಕರಗಿ ಲೆಕ್ಕ ತಪ್ಪುತ್ತಿತ್ತು. ಕೊನೆಗೆ ಎತ್ತಿನ ಕೊಂಬನ್ನು ತೆಳ್ಳಗೆ ಹೆರೆದು, ಮರದ ಚೌಕಟ್ಟಿಗೆ ಕೂರಿಸಿ ಲಾಂದ್ರ ಮಾಡಿಸಿದ. ರಾಜನ ಮನೆಯ ಗೋಡೆಯೇ ಹಾಗಿದ್ದರೆ ಉಳಿದವರದ್ದು ಹೇಗಿರಬೇಡ!

ಮಂಗಳೂರ ಮೆಣಸು
ಎಲ್ಲ ಓದಿದೆ ಮಾರಾಯ್ರೇ, ಆದ್ರೆ ನಮ್ಮ ಕಡೆಯ ಸಂಗತಿ ಒಬ್ರೂ ಹೇಳಲಿಲ್ಲ. ಜಾರೋ ಮಠದ ಬೀಡ್ ಅಂತ ದೊಡ್ಡ ವಿದ್ವಾಂಸ, 735ರಲ್ಲಿ ತೀರಿಕೊಂಡದ್ದು. ಸಾಯುವ ಹೊತ್ತಿಗೆ ಒಂದು ಸಣ್ಣ ಪೆಟ್ಟಿಗೆ ತರಿಸಿ ತನ್ನ ಹತ್ರ ಇದ್ದ ಬೆಲೆಬಾಳುವ ಸಾಮಾನು ಜತೆಯ ಸನ್ಯಾಸಿಗಳಿಗೆ ಹಂಚಿದ ಅಂತ ಶಿಷ್ಯ ಕತ್‌ಬರ್ಟ್ ಪತ್ರ ಬರೆದಿದ್ದಾನೆ. ಏನು ಗೊತ್ತುಂಟಾ? ಕರಿಮೆಣಸು, ಒಂದಿಷ್ಟು ಬಟ್ಟೆ, ಧೂಪ. ಆ ಕಾಲದಲ್ಲಿ ಕರಿಮೆಣಸು ಪಶ್ಚಿಮಘಟ್ಟದ ಈ ಕರಾವಳಿಯಿಂದಲ್ಲದೆ ಮತ್ತೆಲ್ಲಿಂದ ಹೋಗ್ತದೆ! ಎಷ್ಟು ಕೈ ದಾಟಿ ಆ ಚಳಿ ಊರಿಗೆ ಮುಟ್ಟಿತೋ. ಬಾಲ್ಡ್‌ನ ಔಷಧಗಳಲ್ಲೂ ಕರಿಮೆಣಸು ಬರ್ತದೆ.

ಇನ್ನೊಂದುಂಟು. ಆಲ್ಫ್ರೆಡ್ 883ರಲ್ಲಿ ಸಿಗೆಲ್ಮ್, ಏತಲ್‌ಸ್ಟಾನ್ ಅನ್ನುವ ಇಬ್ಬರ ಕೈಲಿ ರೋಮಿಗೂ, ಭಾರತದ ಸಂತ ತೋಮಸ್, ಸಂತ ಬಾರ್ತಲೋಮಿಯರಿಗೂ ಕಾಣಿಕೆ ಕಳಿಸಿದ ಅಂತ ಆಂಗ್ಲೋ-ಸ್ಯಾಕ್ಸನ್ನರ ವರ್ಷವಾರು ವೃತ್ತಾಂತದಲ್ಲಿ ಬರೆದಿದೆ.

ಹಳಗನ್ನಡ ಮೇಷ್ಟ್ರು
ಮೆಣಸು ಒಪ್ಪಿದೆ. ಎರಡನೆಯದಕ್ಕೆ ಅಷ್ಟು ಬೇಗ ಕುಣಿಯಬೇಡಿ. ವೃತ್ತಾಂತದ ಬೇರೆ ಬೇರೆ ಪ್ರತಿಗಳಲ್ಲಿ ‘ಇಂಡಿಯಾ’ ಅಂತಲೂ ಇದೆ, ‘ಜುಡಿಯಾ’ (ಜೆರುಸಲೇಮ್ ಇರುವ ನಾಡು) ಅಂತಲೂ ಇದೆ. ನಕಲು ಮಾಡಿದವನ ಒಂದು ಅಕ್ಷರದಲ್ಲಿ ಇಡೀ ಪ್ರಯಾಣ ನಿಂತಿದೆ. ಹಳಗನ್ನಡದ ಓಲೆಗರಿಗಳ ಪಾಠ ನೋಡಿದವನಿಗೆ ಇದೇನು ಹೊಸತಲ್ಲ.

ಗಟ್ಟಿ ಸಾಕ್ಷಿ ಬೇಕಾದರೆ ಕೆಂಪು ಹರಳನ್ನು ನೋಡಿ. ಆ ಕಾಲದ ಯೂರೋಪಿನ ಚಿನ್ನದೊಡವೆಗಳಲ್ಲಿ ಕೂರಿಸಿದ ಗಾರ್ನೆಟ್‌ಗಳಲ್ಲಿ, ಅದರಲ್ಲೂ ಮೊದಮೊದಲಿನವುಗಳಲ್ಲಿ, ಬಹಳಷ್ಟು ಭಾರತ, ಶ್ರೀಲಂಕಾ ಕಡೆಯವು ಅಂತ ಹರಳಿನ ರಾಸಾಯನಿಕ ಪರೀಕ್ಷೆಯಿಂದ ಗೊತ್ತಾಗಿದೆ. ಕಲ್ಲು ಸುಳ್ಳು ಹೇಳುವುದಿಲ್ಲ.

ಮಂಗಳೂರ ಮೆಣಸು
ಆಯ್ತು ಮೇಷ್ಟ್ರೇ, ಅರ್ಧ ಕುಣಿದು ನಿಲ್ಲಿಸಿದ್ದೇನೆ.

ಮಲೆನಾಡ ಭಜನೆ
ಊಟ ಆದ ಮೇಲೆ ಹಾಡು ಬೇಡವೇ? ಬೀಡ್ ಬರೆದಿರುವುದರಲ್ಲೇ ಕ್ಯಾಡ್‌ಮನ್ ಕತೆ ಇದೆ. ಹೆಣ್ಣುಮಗಳು ಹಿಲ್ಡಾ ಮುಖ್ಯಸ್ಥೆಯಾಗಿದ್ದ ವಿಟ್ಬಿ ಮಠದ ಕಾಲ, ಏಳನೇ ಶತಮಾನ. ಔತಣದಲ್ಲಿ ಹಾರ್ಪ್ ಅನ್ನುವ ತಂತಿವಾದ್ಯ ಕೈಯಿಂದ ಕೈಗೆ ಬರುತ್ತದೆ, ಬಂದವರು ಹಾಡಲೇಬೇಕು. ಕ್ಯಾಡ್‌ಮನ್‌ಗೆ ಒಂದು ಹಾಡೂ ಬಾರದು. ಹಾರ್ಪ್ ತನ್ನ ಕಡೆ ಬರುತ್ತಿರುವುದು ಕಂಡಕೂಡಲೇ ಎದ್ದು ಹೊರಟುಬಿಡುತ್ತಿದ್ದ. ಒಂದು ರಾತ್ರಿ ಹಾಗೇ ಎದ್ದು, ಅವತ್ತು ದನ ಕಾಯುವ ಸರದಿ ಅವನದೇ ಆದ್ದರಿಂದ ಕೊಟ್ಟಿಗೆಗೆ ಹೋಗಿ ಮಲಗಿದ. ಕನಸಲ್ಲಿ ಯಾರೋ ಬಂದು ಹಾಡು ಅಂದರಂತೆ, ಹಾಡಿದ. ಹೆಸರು ಗೊತ್ತಿರುವ ಇಂಗ್ಲಿಷ್ ಕವಿಗಳಲ್ಲಿ ಮೊದಲಿಗ ಆ ದನಗಾಹಿಯೇ. ನಮ್ಮೂರ ಭಜನೆಯಲ್ಲಿ ತಾಳ ನನ್ನ ಕಡೆ ಬರುವಾಗ ನಾನೂ ಚಪ್ಪಲಿ ಹುಡುಕಿದವನೇ. ಕನಸು ಮಾತ್ರ ಇನ್ನೂ ಬಿದ್ದಿಲ್ಲ.

ರಾಗಿಮುದ್ದೆ
ಎಲ್ಲರೂ ದೊಡ್ಡ ದೊಡ್ಡ ಮಾತು ಬರೆದಿದ್ದೀರಿ, ನಾನು ನಿನ್ನೆ ಬ್ರೀವ್ ಮಾಡಿದೆ. ಬಾರ್ಲಿ ರಾತ್ರಿ ನೆನೆಸಿ, ಒಣ ಬಟಾಣಿ ಹಾಕಿ, ಲೀಕ್ ಸಿಗದೆ ಈರುಳ್ಳಿ ಹೂವು ಹೆಚ್ಚಿ ಹಾಕಿ, ಉಪ್ಪು, ಕೊನೆಗೆ ಒಂದು ಉಂಡೆ ಬೆಣ್ಣೆ. ಕುಕ್ಕರ್ ಮುಟ್ಟಲಿಲ್ಲ, ಒಂದೂವರೆ ಗಂಟೆ ಸಣ್ಣ ಉರಿ. ಗಟ್ಟಿ ಅಂಬಲಿಯ ಹಾಗೆ ಬಂತು, ಹೊಟ್ಟೆ ಗಟ್ಟಿಯಾಗಿ ತುಂಬಿತು. ಮಗ ಎರಡು ಚಮಚ ತಿಂದು ಉಪ್ಪಿನಕಾಯಿ ಕೇಳಿದ. ಕೊಡಲಿಲ್ಲ, ನಿಯಮ ನಿಯಮವೇ. ಆದರೆ ಮೂರನೇ ಚಮಚಕ್ಕೆ ನನಗೇ ತಡೆಯಲಾಗದೆ ಕರಿಮೆಣಸು ಕುಟ್ಟಿ ಉದುರಿಸಿದೆ. ಬೀಡ್ ಸನ್ಯಾಸಿಯ ಪೆಟ್ಟಿಗೆಯಿಂದ ಸಾಲ ತಂದೆ ಅಂತ ಬರೆದುಕೊಳ್ಳಿ ಮಂಗಳೂರಿನವರೇ.

ಮಂಗಳೂರ ಮೆಣಸು
ಬರೆದಾಯ್ತು. ಬಡ್ಡಿ ಬೇಡ, ಮುಂದಿನ ಸಲ ಹಾವುಮೀನು ಹಾಕಿ ಮಾಡಿ ಫೋಟೋ ಕಳ್ಸಿ.